ಬಾಗಿಲಲ್ಲಿ ಗುರುತಿನ ಚೀಟಿ ಕೇಳಬೇಡಿ: ಹಗಲು ಕೇಂದ್ರದ ವಾಲಂಟಿಯರ್ ಒಬ್ಬರ ಬಹಿರಂಗ ಪತ್ರ

ನಗರಸಭೆಯ ಅಧ್ಯಕ್ಷರಿಗೆ, ಸದಸ್ಯರಿಗೆ, ಜೊತೆಗೆ ಈ ಊರಿನ ಎಲ್ಲರಿಗೂ,

ನಮಸ್ಕಾರ.

ಮನೆಯಿಲ್ಲದವರಿಗಾಗಿ ಇರುವ ಹಗಲು ಕೇಂದ್ರಕ್ಕೆ ಹೊಸ ನಿಯಮ ತರುವ ಪ್ರಸ್ತಾವ ನಿಮ್ಮ ಮುಂದೆ ಇದೆ. ಗುರುತಿನ ಚೀಟಿ ತೋರಿಸಿದವರನ್ನು ಮಾತ್ರ ಒಳಗೆ ಬಿಡಬೇಕು. ಹೆಸರು, ಹುಟ್ಟಿದ ದಿನ, ಕೊನೆಯ ವಿಳಾಸ ಪುಸ್ತಕದಲ್ಲಿ ಬರೆಸಬೇಕು. ಒಬ್ಬರು ಎರಡು ಗಂಟೆಗಿಂತ ಜಾಸ್ತಿ ಕೂರಬಾರದು. ಒಳಗೆ ಯಾರೂ ಮಲಗಬಾರದು. ನಾನು ಅಲ್ಲಿ ವಾಲಂಟಿಯರ್. ಬಾಗಿಲ ಹತ್ತಿರದ ಮೇಜು, ಟವೆಲ್ ಕಪಾಟು, ಪಾತ್ರೆ ತೊಳೆಯುವ ಸಿಂಕ್, ಈ ಮೂರರ ನಡುವೆ ಓಡಾಡುವುದು ನನ್ನ ಕೆಲಸ. ನಿಯಮ ಜಾರಿಯಾದರೆ ಚೀಟಿ ಕೇಳಬೇಕಾದವರು ನಾವೇ. ಅದಕ್ಕೇ ಬರೆಯುತ್ತಿದ್ದೇನೆ. ಈ ಪ್ರಸ್ತಾವವನ್ನು ದಯವಿಟ್ಟು ಕೈಬಿಡಿ.

ನಿಮಗೆ ದೂರುಗಳು ಬಂದಿವೆ ಅಂತ ಗೊತ್ತು. ಅವುಗಳಲ್ಲಿ ಕೆಲವು ನಿಜವೂ ಹೌದು. ಅದಕ್ಕೆ ಆಮೇಲೆ ಬರುತ್ತೇನೆ, ಜಾರಿಕೊಳ್ಳುವುದಿಲ್ಲ. ಮೊದಲು ಆ ಕಟ್ಟಡದ ಒಳಗೆ ಏನು ನಡೆಯುತ್ತದೆ ಅನ್ನುವುದನ್ನು ಕೇಳಿ. ಪ್ರಸ್ತಾವ ಬರೆದವರು ಅಲ್ಲಿ ಒಂದು ಪೂರ್ತಿ ಹಗಲು ಕೂತು ನೋಡಿದ ಹಾಗೆ ಕಾಣುವುದಿಲ್ಲ.

ರಾತ್ರಿ ಆಶ್ರಯತಾಣಗಳು ಬಹಳ ಕಡೆ ಬೆಳಗಾಗುತ್ತಿದ್ದಂತೆ ಜನರನ್ನು ಹೊರಗೆ ಕಳಿಸುತ್ತವೆ. ಆಮೇಲೆ ಸಂಜೆಯವರೆಗೆ ಅವರು ಎಲ್ಲಿರಬೇಕು? ಈ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಮನೆಯಿಲ್ಲದವರ ಕಷ್ಟ ಎಂದರೆ ರಾತ್ರಿಯ ಕಷ್ಟ ಎಂದುಕೊಂಡಿದ್ದೇವೆ. ಮಳೆ ಬರುವುದು ರಾತ್ರಿ ಮಾತ್ರ ಅಲ್ಲ. ಬಿಸಿಲಂತೂ ಹಗಲಲ್ಲೇ. ಬಸ್ ನಿಲ್ದಾಣದಲ್ಲಿ ಕೂತರೆ ಕಾವಲಿನವರು ಎಬ್ಬಿಸುತ್ತಾರೆ. ಪಾರ್ಕಿನ ಬೆಂಚಿನಲ್ಲಿ ಮಲಗದಂತೆ ನಡುವೆ ಕಬ್ಬಿಣದ ಸರಳು ಹಾಕಿಸಿರುತ್ತೀರಿ. ಅಂಗಡಿಯೊಳಗೆ ಕೂರಬೇಕಾದರೆ ಏನಾದರೂ ಕೊಳ್ಳಬೇಕು. ದುಡ್ಡು ಕೊಡದೆ, ಯಾರಿಂದಲೂ ಅನ್ನಿಸಿಕೊಳ್ಳದೆ ಒಂದು ಗಂಟೆ ಕುರ್ಚಿಯಲ್ಲಿ ಕೂರಬಹುದಾದ ಜಾಗ ಒಂದು ಊರಿನಲ್ಲಿ ಎಷ್ಟಿರುತ್ತದೆ, ಎಣಿಸಿ ನೋಡಿ. ಗ್ರಂಥಾಲಯ ಬಿಟ್ಟರೆ ಹಗಲು ಕೇಂದ್ರ, ಅಷ್ಟೇ.

ಬೆಳಿಗ್ಗೆ ಬಾಗಿಲು ತೆರೆದ ತಕ್ಷಣ ಜನ ಊಟದ ಕಡೆ ಹೋಗುತ್ತಾರೆ ಅಂತ ಹೊಸ ವಾಲಂಟಿಯರ್‌ಗಳು ಅಂದುಕೊಂಡಿರುತ್ತಾರೆ. ಇಲ್ಲ. ಮೊದಲ ಸಾಲು ಶೌಚಾಲಯದ ಮುಂದೆ. ಎರಡನೆಯದು ಫೋನ್ ಚಾರ್ಜ್ ಮಾಡುವ ಪ್ಲಗ್ ಹತ್ತಿರ. ಬೀದಿಯಲ್ಲಿರುವವರಿಗೆ ಫೋನ್ ಯಾಕೆ ಅಂತ ಮೂಗು ಮುರಿಯುವವರು ಇದ್ದಾರೆ. ಕೂಲಿಗೆ ಕರೆಯುವ ಮೇಸ್ತ್ರಿ ಕರೆಯುವುದು ಫೋನಿನಲ್ಲೇ. ಆಸ್ಪತ್ರೆಯ ಸರದಿ, ಕಚೇರಿಯ ಓಟಿಪಿ, ಊರಲ್ಲಿರುವ ಮಗಳ ದನಿ, ಎಲ್ಲ ಅದರಲ್ಲೇ ಬರಬೇಕು. ಬ್ಯಾಟರಿ ಸತ್ತರೆ ಆ ದಿನದ ಕೆಲಸವೂ ಸತ್ತ ಹಾಗೆ.

ಶೌಚಾಲಯದ ವಿಷಯದಲ್ಲಿ ಇನ್ನೊಂದು ಮಾತು. ಬಿಪಿಗೆ, ಹೃದಯದ ತೊಂದರೆಗೆ ಕೊಡುವ ಕೆಲವು ಮಾತ್ರೆಗಳಿಂದ ಪದೇ ಪದೇ ಮೂತ್ರ ಬರುತ್ತದೆ. ಹೋಗಲು ಜಾಗವೇ ಇಲ್ಲದವರು ಏನು ಮಾಡುತ್ತಾರೆ? ಮಾತ್ರೆ ನುಂಗುವುದನ್ನೇ ನಿಲ್ಲಿಸುತ್ತಾರೆ. ಆಸ್ಪತ್ರೆಯ ಚೀಟಿಯಲ್ಲಿ ಮಾತ್ರ 'ರೋಗಿ ಔಷಧಿ ಸರಿಯಾಗಿ ತೆಗೆದುಕೊಳ್ಳುತ್ತಿಲ್ಲ' ಎಂದು ಬರೆದಿರುತ್ತದೆ. ಇನ್ಸುಲಿನ್ ಬಳಸುವವರ ಪಾಡು ಬೇರೆ. ಅದನ್ನು ತಂಪಾದ ಜಾಗದಲ್ಲಿ ಇಡಬೇಕು. ಚೀಲದಲ್ಲಿಟ್ಟುಕೊಂಡು ಬಿಸಿಲಲ್ಲಿ ತಿರುಗಿದರೆ ಅದರ ಗುಣ ಕೆಡುತ್ತದೆ. ಕೇಂದ್ರದ ಫ್ರಿಜ್‌ನಲ್ಲಿ ಒಂದು ಡಬ್ಬ ಅದಕ್ಕಾಗಿಯೇ ಇದೆ. ಟಿಬಿ ಇದ್ದವರು ಸಾಮಾನ್ಯವಾಗಿ 6 ತಿಂಗಳು ತಪ್ಪದೆ ಮಾತ್ರೆ ತೆಗೆದುಕೊಳ್ಳಬೇಕು. ನಡುವೆ ಬಿಟ್ಟರೆ ರೋಗ ಔಷಧಿಗೆ ಬಗ್ಗದಂತಾಗಬಹುದು. ದಿನಾ ಬಂದು ಕೂರುವ ಒಂದು ಜಾಗ ಇದ್ದರೆ ಮಾತ್ರ ಅದು ಸಾಧ್ಯ. ನೀವು ಇದನ್ನು ಆರೋಗ್ಯ ಇಲಾಖೆಯ ಖರ್ಚು ಅಂತ ಲೆಕ್ಕ ಹಾಕುವುದಿಲ್ಲ, ಆದರೆ ಅದು ಅದೇ.

ಇನ್ನು ಮಲಗುವ ವಿಷಯ. ಮಧ್ಯಾಹ್ನ ಕಿಟಕಿಯಿಂದ ಇಣುಕಿದವರಿಗೆ ಕಾಣುವುದು ಮೇಜಿನ ಮೇಲೆ ತಲೆಯಿಟ್ಟು ಮಲಗಿದವರ ಸಾಲು. 'ಸೋಮಾರಿಗಳ ಅಡ್ಡೆ' ಅನ್ನುವ ಮಾತು ಅಲ್ಲಿಂದಲೇ ಹುಟ್ಟಿರಬೇಕು. ಬೀದಿಯಲ್ಲಿ ರಾತ್ರಿ ನಿದ್ದೆ ಮಾಡುವುದು ಎಂದರೆ ಏನೆಂದು ಯೋಚಿಸಿ. ಚಪ್ಪಲಿ ಕಳುವಾಗುತ್ತದೆ. ಚೀಲ ಹೋಗುತ್ತದೆ. ಕುಡಿದು ಬಂದವರು ಒದೆಯುತ್ತಾರೆ, ಪೊಲೀಸರು ಎಬ್ಬಿಸುತ್ತಾರೆ. ಹೆಂಗಸರಂತೂ ಅನೇಕರು ರಾತ್ರಿ ಕಣ್ಣೇ ಮುಚ್ಚುವುದಿಲ್ಲ. ದೀಪ ಇರುವ ಕಡೆ ಸುಮ್ನೆ ನಡೆಯುತ್ತಾ ಬೆಳಗು ಮಾಡುತ್ತಾರೆ. ಅವರಿಗೆ ನಮ್ಮ ಹಾಲ್‌ನ ಮೂಲೆಯೇ ಮಲಗುವ ಕೋಣೆ. ಎರಡು ದಿನ ನಿದ್ದೆಗೆಟ್ಟ ಮನುಷ್ಯ ತೊದಲುತ್ತಾನೆ, ತೂರಾಡುತ್ತಾನೆ, ಸಣ್ಣ ಮಾತಿಗೂ ಸಿಡುಕುತ್ತಾನೆ. ಸಕ್ಕರೆ ಕಾಯಿಲೆಯವರಿಗೆ ರಕ್ತದಲ್ಲಿ ಸಕ್ಕರೆ ಇಳಿದರೂ ಹೀಗೇ ಆಗುತ್ತದೆ. ನೋಡಿದವರು 'ಕುಡಿದಿದ್ದಾನೆ' ಅನ್ನುತ್ತಾರೆ. ಅವನನ್ನು ಮೂರು ಗಂಟೆ ಮಲಗಲು ಬಿಟ್ಟು ಆಮೇಲೆ ಮಾತಾಡಿಸಿ ನೋಡಿ, ಬೇರೆಯೇ ಮನುಷ್ಯ. ಮೂರು ಗಂಟೆ ಅಂದೆ. ನಿಮ್ಮ ನಿಯಮದಲ್ಲಿರುವುದು ಎರಡು.

ಈಗ ಗುರುತಿನ ಚೀಟಿ.

ಮನೆ ಹೋದ ಮೇಲೆ ಕಾಗದಪತ್ರ ಉಳಿಯುವುದು ಬಹಳ ಕಡಿಮೆ. ಕೆಲವು ಕಳುವಾಗುತ್ತವೆ. ಕೆಲವು ಮಳೆಯಲ್ಲಿ ಮುದ್ದೆಯಾಗುತ್ತವೆ. ಪಾದಚಾರಿ ಮಾರ್ಗ ತೆರವುಗೊಳಿಸುವಾಗ ಗಂಟುಮೂಟೆ ಸಮೇತ ಲಾರಿಗೆ ಹಾಕಿಸಿಕೊಂಡು ಹೋಗುವುದೂ ಇದೆ. ಹೊಸದು ಮಾಡಿಸಲು ಹೋದರೆ ವಿಳಾಸ ಕೇಳುತ್ತಾರೆ. ವಿಳಾಸ ಬೇಕಾದರೆ ಬಾಡಿಗೆ ಮನೆ ಬೇಕು. ಬಾಡಿಗೆ ಮನೆಯವರು ಮೊದಲು ಕೇಳುವುದೇ ಗುರುತಿನ ಚೀಟಿ. ಈ ಗಂಟನ್ನು ಬಿಡಿಸುವ ಕೆಲಸ ನಡೆಯುವುದೇ ನಮ್ಮ ಕೇಂದ್ರದ ಮೇಜಿನ ಮೇಲೆ. ಹಳೆಯ ಶಾಲೆಯಿಂದ ದಾಖಲೆ ತರಿಸುವುದು, ಅರ್ಜಿ ತುಂಬುವುದು, ಕಾಗದ ಬಂದಾಗ ಜೋಪಾನವಾಗಿ ಎತ್ತಿಡುವುದು. ಅಂದಮೇಲೆ ಚೀಟಿ ಇದ್ದವರಿಗೆ ಮಾತ್ರ ಪ್ರವೇಶ ಎಂದರೆ, ಚೀಟಿ ಮಾಡಿಸಿಕೊಳ್ಳಲು ಬರುವವರು ಎಲ್ಲಿಗೆ ಹೋಗಬೇಕು?

ಚೀಟಿ ಇದ್ದೂ ತೋರಿಸಲಾಗದವರು ಇನ್ನೊಂದಷ್ಟು ಜನ. ಹೊಡೆಯುವ ಗಂಡನಿಂದ ತಪ್ಪಿಸಿಕೊಂಡು ಬಂದ ಹೆಂಗಸು ತನ್ನ ಹೆಸರನ್ನು ಬಾಗಿಲಲ್ಲಿ ಬಿಚ್ಚಿಟ್ಟ ಪುಸ್ತಕದಲ್ಲಿ ಯಾಕೆ ಬರೆಸುತ್ತಾಳೆ? ಮರುದಿನ ಅವನು ಬಂದು 'ನನ್ನ ಹೆಂಡತಿ ಬಂದಿದ್ದಳಾ' ಅಂತ ಪುಟ ತಿರುವಿದರೆ? ಇದು ಕಟ್ಟುಕತೆ ಅಲ್ಲ. ಹುಡುಕಿಕೊಂಡು ಬರುವವರು ಇರುತ್ತಾರೆ. 'ಇದ್ದಾರೆ' ಅಂತಲೂ 'ಇಲ್ಲ' ಅಂತಲೂ ಹೇಳಬಾರದು ಎನ್ನುವುದು ವಾಲಂಟಿಯರ್‌ಗಳಿಗೆ ಕಲಿಸುವ ಮೊದಲ ಪಾಠಗಳಲ್ಲಿ ಒಂದು. ಮನೆಯಿಂದ ಹೊರಹಾಕಿಸಿಕೊಂಡ ಹದಿಹರೆಯದ ಮಕ್ಕಳು, ಹುಚ್ಚಾಸ್ಪತ್ರೆಗೆ ಮತ್ತೆ ತಳ್ಳುತ್ತಾರೆಂಬ ಭಯದಲ್ಲಿರುವವರು, ಹಳೆಯ ಸಾಲದವರಿಗೆ ಹೆದರಿ ಊರು ಬಿಟ್ಟವರು, ಇವರೆಲ್ಲ ನಿಮ್ಮ ಮೇಜನ್ನು ದೂರದಿಂದ ನೋಡಿಯೇ ವಾಪಸ್ ಹೋಗುತ್ತಾರೆ. ಯಾರಿಗೆ ಈ ಜಾಗ ಹೆಚ್ಚು ಬೇಕೋ ಅವರೇ ಮೊದಲು ಹೋಗುವುದು.

ಬರುವವರೆಲ್ಲ ಬೀದಿಯಲ್ಲೇ ಮಲಗುವವರೂ ಅಲ್ಲ. ಮನೆಯಿಲ್ಲದವರಿಗಾಗಿ ಕೆಲಸ ಮಾಡುವ ಯುರೋಪಿನ ಸಂಸ್ಥೆಗಳ ಫಿಯಾಂಟ್ಸಾ ಎನ್ನುವ ಒಕ್ಕೂಟ 2005ರಲ್ಲಿ ಒಂದು ವರ್ಗೀಕರಣ ಮಾಡಿತು. ತಲೆಯ ಮೇಲೆ ಸೂರೇ ಇಲ್ಲದವರು, ಸೂರಿದ್ದೂ ಮನೆ ಅನ್ನುವುದು ಇಲ್ಲದವರು, ಇವತ್ತೋ ನಾಳೆಯೋ ಹೊರಬೀಳುವ ಸ್ಥಿತಿಯಲ್ಲಿರುವವರು, ಮನುಷ್ಯರು ಇರಲಾರದಂಥ ಜಾಗದಲ್ಲಿ ಇರುವವರು. ನಾಲ್ಕೂ ಬಗೆಯವರು ನಮ್ಮ ಹಾಲ್‌ನಲ್ಲಿ ಅಕ್ಕಪಕ್ಕ ಕೂರುತ್ತಾರೆ. ಗೆಳೆಯನ ಮನೆಯ ಸೋಫಾದಲ್ಲಿ ರಾತ್ರಿ ಕಳೆದು, ಅವನ ಹೆಂಡತಿ ಏಳುವ ಮೊದಲೇ ಹೊರಬೀಳುವವರು ಇದ್ದಾರೆ. ಕಾರಿನಲ್ಲಿ ಮಲಗಿ ಬೆಳಿಗ್ಗೆ ಇಲ್ಲಿ ಮುಖ ತೊಳೆದು, ಇಸ್ತ್ರಿ ಶರ್ಟ್ ಹಾಕಿಕೊಂಡು ಕೆಲಸಕ್ಕೆ ಹೋಗುವವರೂ ಇದ್ದಾರೆ. ಅವರ ಆಫೀಸಿನಲ್ಲಿ ಯಾರಿಗೂ ಗೊತ್ತಿರಲಿಕ್ಕಿಲ್ಲ. ಗೊತ್ತಾಗುವುದು ಅವರಿಗೆ ಬೇಕಾಗಿಯೂ ಇಲ್ಲ.

ಹೆಸರು ಕೇಳದೆ ಹೇಗೆ ಸಹಾಯ ಮಾಡುತ್ತೀರಿ ಅಂತ ನೀವು ಕೇಳಬಹುದು. ಇದಕ್ಕೆ ನನ್ನ ಅನುಭವಕ್ಕಿಂತ ಒಳ್ಳೆಯ ಉತ್ತರ ಅಮೆರಿಕದ ಬಾಸ್ಟನ್ ನಗರದಲ್ಲಿದೆ. 1985ರಲ್ಲಿ ಜಿಮ್ ಓಕಾನೆಲ್ ಎಂಬ ಯುವ ವೈದ್ಯರು ಮನೆಯಿಲ್ಲದವರ ಆರೋಗ್ಯ ಸೇವೆಗೆ ಸೇರಿಕೊಂಡರು. ದೊಡ್ಡ ಆಸ್ಪತ್ರೆಯಲ್ಲಿ ತರಬೇತಿ ಮುಗಿಸಿದವರು. ಪೈನ್ ಸ್ಟ್ರೀಟ್ ಇನ್ ಎಂಬ ಆಶ್ರಯತಾಣದ ನರ್ಸ್ ಬಾರ್ಬರಾ ಮೆಕಿನ್ನಿಸ್ ಈ ವೈದ್ಯರ ಕೈಯಿಂದ ಸ್ಟೆತಸ್ಕೋಪ್ ಎತ್ತಿಡಿಸಿ, ಬಂದವರ ಕಾಲನ್ನು ಬಿಸಿನೀರಿನಲ್ಲಿ ನೆನೆಸುವ ಕೆಲಸಕ್ಕೆ ಕೂರಿಸಿದರು. ಪ್ರಶ್ನೆ ಇಲ್ಲ, ತಪಾಸಣೆ ಇಲ್ಲ. ಬಕೆಟ್ಟು, ಟವೆಲ್ಲು, ನೆಲದ ಮೇಲೆ ಡಾಕ್ಟರು. ಆಸ್ಪತ್ರೆಯಲ್ಲಿ ಮೇಲೆ ನಿಂತು ಮಾತಾಡುವ ಡಾಕ್ಟರು ಇಲ್ಲಿ ಕಾಲ ಬಳಿ ಕೂರಬೇಕು. ಜನ ತಾವಾಗಿ ಬಾಯಿ ಬಿಡುವವರೆಗೆ ಕಾಯಬೇಕು. ಓಕಾನೆಲ್ ಒಂದು ವರ್ಷಕ್ಕೆಂದು ಬಂದವರು ಆಮೇಲೆ ಆ ಕೆಲಸದಲ್ಲೇ ಉಳಿದುಬಿಟ್ಟರು.

ಕಾಲಿನಿಂದಲೇ ಶುರು ಮಾಡಲು ಕಾರಣ ಇದೆ. ಬೀದಿಯಲ್ಲಿರುವವರಿಗೆ ದಿನವಿಡೀ ನಡೆಯುವುದೇ ಕೆಲಸ. ಒದ್ದೆ ಶೂ ಬಿಚ್ಚಿ ಒಣಗಿಸಲು ಜಾಗವಿಲ್ಲ. ಬಿಚ್ಚಿಟ್ಟರೆ ಬೆಳಗಾಗುವಷ್ಟರಲ್ಲಿ ಇರುವುದಿಲ್ಲ. ಹಾಗಾಗಿ ಹಾಕಿಕೊಂಡೇ ಮಲಗುತ್ತಾರೆ. ಮೊದಲ ಮಹಾಯುದ್ಧದಲ್ಲಿ ಕಂದಕಗಳ ಕೆಸರಿನಲ್ಲಿ ನಿಂತ ಸೈನಿಕರಿಗೆ ಬಂದ ಟ್ರೆಂಚ್ ಫುಟ್ ಎಂಬ ತೊಂದರೆ ಇವತ್ತಿಗೂ ಬರುವುದು ಇಂಥವರಿಗೆ. ಅದಕ್ಕೆ ಹಿಮ ಬೀಳಬೇಕಾಗಿಲ್ಲ. 16 ಡಿಗ್ರಿ ಸೆಲ್ಸಿಯಸ್ ಇದ್ದರೂ, ಕಾಲು ಬಿಡುವಿಲ್ಲದೆ ಒದ್ದೆಯಾಗಿದ್ದರೆ ಸಾಕು. ಚರ್ಮ ಬಿಳಿಚಿಕೊಳ್ಳುತ್ತದೆ, ಜೋಮು ಹಿಡಿಯುತ್ತದೆ, ಆಮೇಲೆ ಊತ, ನೋವು, ಬೊಬ್ಬೆ. ಸಕ್ಕರೆ ಕಾಯಿಲೆ ಇದ್ದವರಿಗೆ ಬೆರಳು ಕಳೆದುಕೊಳ್ಳುವವರೆಗೂ ಹೋಗಬಹುದು. ಒಣ ಸಾಕ್ಸ್ ಒಂದು ಜೊತೆ, ಕಾಲು ಮೇಲಿಟ್ಟು ಕೂರಲು ಒಂದು ಗಂಟೆ, ಇದರಲ್ಲಿ ಎಷ್ಟೋ ತಪ್ಪಿಹೋಗುತ್ತದೆ. ಸಾಕ್ಸ್ ಕೇಳಿಕೊಂಡು ಬಂದವರೇ ಒಂದು ದಿನ 'ಇಲ್ಲಿ ನೋಡಿ, ಇದು ವಾಸಿಯಾಗುತ್ತಿಲ್ಲ' ಎಂದು ಗಾಯ ತೋರಿಸುತ್ತಾರೆ. ಗಾಯ ತೋರಿಸಿದವರು ಮುಂದೊಂದು ದಿನ ಹೆಸರು ಹೇಳುತ್ತಾರೆ. ಹೆಸರು ಸಿಗುವುದು ಈ ದಾರಿಯಲ್ಲಿ, ಬಾಗಿಲಲ್ಲಿ ಅಲ್ಲ.

ಈಗ ದೂರುಗಳಿಗೆ ಬರುತ್ತೇನೆ.

ಗಲಾಟೆ ಆಗುತ್ತದೆ, ಹೌದು. ಕುರ್ಚಿ ಉರುಳಿದೆ, ಕೆಟ್ಟ ಮಾತು ಬಂದಿದೆ. ಸುಸ್ತಾದ, ಹಸಿದ, ಹೆದರಿದ ಜನ ಒಂದೇ ಹಾಲ್‌ನಲ್ಲಿ ಸೇರಿದಾಗ ಇದೆಲ್ಲ ಇಲ್ಲವೇ ಇಲ್ಲ ಅನ್ನುವವರನ್ನು ನಂಬಬೇಡಿ. ಆದರೆ ಗಲಾಟೆ ಮಾಡುವವರ ಹತ್ತಿರ ಗುರುತಿನ ಚೀಟಿ ಇರುವುದಿಲ್ಲ ಅಂತ ಯಾರು ಹೇಳಿದರು? ಚೀಟಿ ತೋರಿಸಿ ಒಳಗೆ ಬಂದವರು ಕೂಗಾಡುವುದಿಲ್ಲವೇ? ನಮ್ಮ ನಿಯಮ ಇರುವುದು ನಡತೆಗೆ. ಹೊಡೆಯಬಾರದು, ಬೆದರಿಸಬಾರದು, ಒಳಗೆ ಕುಡಿಯಬಾರದು, ಮಾರಬಾರದು. ಮೀರಿದವರು ಆ ದಿನ ಹೊರಗೆ. ಮರುದಿನ ಬರಬಹುದು. ಈ ಕೊನೆಯ ಮಾತು ಮುಖ್ಯ. ಶಾಶ್ವತವಾಗಿ ಹೊರಹಾಕಿಸಿಕೊಂಡು ಹೊರಹಾಕಿಸಿಕೊಂಡೇ ಅವರು ಇಲ್ಲಿಗೆ ಬಂದು ಮುಟ್ಟಿರುವುದು. ನಾಲ್ಕು ಜನರ ಗಲಾಟೆಗೆ ಎಲ್ಲರಿಗೂ ಬಾಗಿಲು ಬಿಗಿ ಮಾಡುವುದು ನೆಗಡಿ ಆಯಿತು ಅಂತ ಮೂಗು ಕೊಯ್ದುಕೊಂಡ ಹಾಗೆ.

ಕೇಂದ್ರದ ಸಿಬ್ಬಂದಿ ಗಲಾಟೆಯನ್ನು ತಣ್ಣಗಾಗಿಸುವುದನ್ನು ನೀವು ನೋಡಬೇಕು. ದನಿ ಏರಿಸುವುದಿಲ್ಲ. ಎದುರಿಗೆ ಎದೆ ಕೊಟ್ಟು ನಿಲ್ಲುವುದಿಲ್ಲ, ಸ್ವಲ್ಪ ಓರೆಯಾಗಿ, ಕೈ ಕಾಣುವ ಹಾಗೆ ನಿಲ್ಲುತ್ತಾರೆ. ಸಿಟ್ಟಾದವರಿಗೂ ಬಾಗಿಲಿಗೂ ಅಡ್ಡ ಬರುವುದಿಲ್ಲ, ಹೊರಗೆ ಹೋಗುವ ದಾರಿ ಕಾಣುತ್ತಿದ್ದರೆ ಮನುಷ್ಯನ ಭಯ ಅರ್ಧ ಇಳಿಯುತ್ತದೆ. ಸುತ್ತ ನಿಂತು ನೋಡುವವರನ್ನು ಇನ್ನೊಬ್ಬರು ಮೆಲ್ಲಗೆ ದೂರ ಕರೆದೊಯ್ಯುತ್ತಾರೆ. 'ಅಣ್ಣಾ, ಏನಾಯ್ತು ಹೇಳಿ' ಅಂದು ಕಾಯುತ್ತಾರೆ. ಮುಕ್ಕಾಲು ಪಾಲು ಜಗಳ ಅಲ್ಲಿಗೇ ಮುಗಿಯುತ್ತದೆ. ಇದಕ್ಕೆಲ್ಲ ತರಬೇತಿ ಬೇಕು. ಬಾಗಿಲಿಗೆ ಯೂನಿಫಾರ್ಮ್ ಹಾಕಿದ ಕಾವಲುಗಾರನನ್ನು ನಿಲ್ಲಿಸಲು ಎತ್ತಿಟ್ಟ ಹಣವನ್ನು ಈ ತರಬೇತಿಗೆ ಕೊಡಿ.

ಇನ್ನೊಂದು ದೂರು, ಹೊರಗೆ ಗುಂಪು ನಿಲ್ಲುತ್ತದೆ, ಗೋಡೆ ಪಕ್ಕ ಗಲೀಜು ಆಗುತ್ತದೆ ಎಂಬುದು. ಅದು ನಿಜ. ಅಕ್ಕಪಕ್ಕದವರಿಗೆ ಸಿಟ್ಟು ಬರುವುದು ಸಹಜ, ನನಗೂ ಬರುತ್ತಿತ್ತು. ಆದರೆ ಯಾವ ಹೊತ್ತಿಗೆ ಗುಂಪು ನಿಲ್ಲುತ್ತದೆ ನೋಡಿ. ಆಶ್ರಯತಾಣ ಬೆಳಿಗ್ಗೆ ಬೇಗ ಖಾಲಿ ಮಾಡಿಸುತ್ತದೆ, ಹಗಲು ಕೇಂದ್ರ ತಡವಾಗಿ ತೆರೆಯುತ್ತದೆ. ನಡುವಿನ ಹೊತ್ತು ಬೀದಿಯಲ್ಲಿ. ಸಂಜೆಯೂ ಅದೇ. ವಾರದ ಕೊನೆಯಲ್ಲಿ, ಸಾರ್ವಜನಿಕ ರಜೆಗಳಲ್ಲಿ ಕೇಂದ್ರ ಮುಚ್ಚಿದಾಗ ಇಡೀ ದಿನ ಅದೇ. ಎರಡು ಗಂಟೆಯ ಮಿತಿ ಹಾಕಿದರೆ ಈ ಗುಂಪು ಚಿಕ್ಕದಾಗುತ್ತದಾ, ದೊಡ್ಡದಾಗುತ್ತದಾ? ಒಳಗಿದ್ದವರನ್ನೂ ತಂದು ಗೋಡೆ ಪಕ್ಕ ನಿಲ್ಲಿಸಿದ ಹಾಗಾಗುತ್ತದೆ, ಅಲ್ವಾ? ಬೇಕಾಗಿರುವುದು ತೆರೆದಿರುವ ಸಮಯ ಜಾಸ್ತಿ ಮಾಡುವುದು, ಮತ್ತು ಕಟ್ಟಡದ ಹೊರಗೆ ರಾತ್ರಿಯೂ ತೆರೆದಿರುವ ಒಂದು ಶೌಚಾಲಯ.

ನಿಮ್ಮ ಇನ್ನೊಂದು ಕಾಳಜಿ ಲೆಕ್ಕದ್ದು. ಸಾರ್ವಜನಿಕರ ಹಣ, ಯಾರಿಗೆ ಹೋಯಿತು ಅಂತ ತೋರಿಸಬೇಕು ಅನ್ನುತ್ತೀರಿ. ನ್ಯಾಯವಾದ ಮಾತು. ಅದಕ್ಕೆ ಹೆಸರು ಬೇಕಾಗಿಲ್ಲ. ಬಾಗಿಲಲ್ಲಿ ಗೀಟು ಎಳೆದು ತಲೆ ಎಣಿಸಬಹುದು. ಸ್ನಾನ ಎಷ್ಟು, ಬಟ್ಟೆ ಒಗೆದದ್ದು ಎಷ್ಟು, ನರ್ಸ್ ನೋಡಿದ್ದು ಎಷ್ಟು ಅಂತ ಬರೆಯಬಹುದು. ಕಾಗದಪತ್ರ, ಬಾಡಿಗೆ ಮನೆ, ಚಿಕಿತ್ಸೆ ಇಂಥವುಗಳ ಹಂತಕ್ಕೆ ಬಂದವರ ಹೆಸರು, ಅವರ ಒಪ್ಪಿಗೆಯಿಂದ, ಬೀಗ ಹಾಕಿದ ಕಡತದಲ್ಲಿ ಹೇಗೂ ಇರುತ್ತದೆ. ಆದರೆ ಒಂದು ಮಾತು. ಎಷ್ಟು ತಟ್ಟೆ ಊಟ ಬಡಿಸಿದೆವು ಅನ್ನುವುದನ್ನೇ ದೊಡ್ಡ ಸಾಧನೆ ಅಂತ ವರದಿಯಲ್ಲಿ ಹಾಕಬೇಡಿ. ತಟ್ಟೆಯ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರುತ್ತಾ ಹೋದರೆ ಅದು ಸಂತೋಷದ ಸುದ್ದಿ ಅಲ್ಲ.

ಯಾಕೆಂದರೆ ಮನೆಯಿಲ್ಲದವರಿಗೆ ಬೇಕಾಗಿರುವುದು ಮನೆ. ಹಗಲು ಕೇಂದ್ರ ಅದಕ್ಕೆ ಬದಲಿ ಅಲ್ಲ, ಅದರ ದಾರಿಯಲ್ಲಿರುವ ಒಂದು ಬಾಗಿಲು. 1992ರಲ್ಲಿ ನ್ಯೂಯಾರ್ಕ್‌ನಲ್ಲಿ ಮನಃಶಾಸ್ತ್ರಜ್ಞ ಸ್ಯಾಮ್ ಸೆಂಬೆರಿಸ್ ಪಾತ್‌ವೇಸ್ ಟು ಹೌಸಿಂಗ್ ಎಂಬ ಸಂಸ್ಥೆ ಶುರು ಮಾಡಿದಾಗ ಎಲ್ಲರೂ ನಂಬಿದ್ದ ಕ್ರಮ ಬೇರೆ ಇತ್ತು. ಮೊದಲು ಕುಡಿತ ಬಿಡು, ಮೊದಲು ಮಾತ್ರೆ ತಗೋ, ಮೊದಲು ಶಿಸ್ತು ತೋರಿಸು, ಆಮೇಲೆ ಮನೆ. ಅವರು ಅದನ್ನು ತಿರುಗಿಸಿದರು. ಮೊದಲು ಮನೆಯ ಕೀಲಿಕೈ, ಉಳಿದದ್ದಕ್ಕೆಲ್ಲ ಆಮೇಲೆ ಜೊತೆಗೆ ನಿಲ್ಲುವುದು. ಹೌಸಿಂಗ್ ಫಸ್ಟ್ ಅಂತ ಅದಕ್ಕೆ ಹೆಸರು ಬಂತು. ಕೆನಡಾ ಇದನ್ನು 2009ರಿಂದ 2013ರವರೆಗೆ 5 ನಗರಗಳಲ್ಲಿ, ಮಾನಸಿಕ ಕಾಯಿಲೆ ಇದ್ದ 2 ಸಾವಿರಕ್ಕೂ ಹೆಚ್ಚು ಮನೆಯಿಲ್ಲದ ಜನರ ಜೊತೆ ಪರೀಕ್ಷೆ ಮಾಡಿ ನೋಡಿತು. ಅಧ್ಯಯನದ ಕೊನೆಯ 6 ತಿಂಗಳಲ್ಲಿ ಹೌಸಿಂಗ್ ಫಸ್ಟ್ ಗುಂಪಿನ ಶೇ 62ರಷ್ಟು ಜನ ಪೂರ್ತಿ ಅವಧಿ ಮನೆಯಲ್ಲೇ ಇದ್ದರು. ಮಾಮೂಲಿ ಸೇವೆ ಪಡೆದವರಲ್ಲಿ ಹಾಗಿದ್ದವರು ಶೇ 31.

ಫಿನ್‌ಲೆಂಡ್ 2008ರಿಂದ ಇದನ್ನೇ ದೇಶದ ನೀತಿ ಮಾಡಿಕೊಂಡಿತು. ರಾಜಧಾನಿ ಹೆಲ್ಸಿಂಕಿಯಲ್ಲಿ ಸಾಲ್ವೇಶನ್ ಆರ್ಮಿ ಎಂಬ ಕ್ರೈಸ್ತ ಸೇವಾ ಸಂಸ್ಥೆ ನಡೆಸುತ್ತಿದ್ದ ದೊಡ್ಡ ಆಶ್ರಯತಾಣವನ್ನೇ ಸಣ್ಣ ಸಣ್ಣ ಬಾಡಿಗೆ ಮನೆಗಳಾಗಿ ಬದಲಾಯಿಸಿದರು. ದೇಶದಲ್ಲಿ 2008ರ ಹೊತ್ತಿಗೆ 8 ಸಾವಿರದ ಆಸುಪಾಸು ಇದ್ದ ಮನೆಯಿಲ್ಲದವರ ಸಂಖ್ಯೆ 2022ಕ್ಕೆ 4 ಸಾವಿರದ ಕೆಳಗೆ ಇಳಿಯಿತು. ಗೆಳೆಯರ ಮನೆಯಲ್ಲಿ ಒತ್ತಿಕೊಂಡಿರುವವರನ್ನೂ ಸೇರಿಸಿ ಎಣಿಸಿದ ಲೆಕ್ಕ ಅದು. 2024ರಲ್ಲಿ ಅಲ್ಲೂ ಸಂಖ್ಯೆ ಮತ್ತೆ ಸ್ವಲ್ಪ ಏರಿತು, ಅದನ್ನು ಮುಚ್ಚಿಡುವುದು ಬೇಡ. ಒಮ್ಮೆ ಮಾಡಿ ಕೈತೊಳೆದುಕೊಳ್ಳುವ ಕೆಲಸ ಇದಲ್ಲ ಅಂತಾಯಿತು. ನಾನು ಇದನ್ನೆಲ್ಲ ಯಾಕೆ ಹೇಳಿದೆ ಎಂದರೆ, ಈ ಊರುಗಳೆಲ್ಲ ಕಲಿತದ್ದು ಷರತ್ತು ತೆಗೆದಾಗ ಜನ ಒಳಗೆ ಬರುತ್ತಾರೆ ಎನ್ನುವುದನ್ನು. ಕೊನೆಯ ಮೆಟ್ಟಿಲಾದ ಮನೆಗೇ ಷರತ್ತು ಬೇಡ ಅಂತ ಅವರು ತೀರ್ಮಾನಿಸಿದ್ದಾರೆ. ನಾವು ಮೊದಲ ಮೆಟ್ಟಿಲಾದ ಒಂದು ಕುರ್ಚಿಗೂ ಷರತ್ತು ಹಾಕಲು ಹೊರಟಿದ್ದೇವೆ.

ಇಲ್ಲಿಯವರೆಗೆ ನಗರಸಭೆಗೆ ಬರೆದೆ. ಈಗ ಸ್ವಲ್ಪ ಊರಿನವರಿಗೆ, ಅದರಲ್ಲೂ ವಾಲಂಟಿಯರ್ ಆಗಿ ಬರಬೇಕು ಅಂದುಕೊಂಡವರಿಗೆ.

ಬನ್ನಿ. ಆದರೆ ಹಬ್ಬದ ದಿನ ಮಾತ್ರ ಬರಬೇಡಿ. ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ, ಯಾರದೋ ನೆನಪಿಗೆ ಊಟ ಬಡಿಸಲು ಜನ ಮುಗಿಬೀಳುತ್ತಾರೆ. ಒಂದೇ ಮಧ್ಯಾಹ್ನ ಮೂರು ಗುಂಪು ಬಂದು, ಬಡಿಸುವವರು ಉಣ್ಣುವವರಿಗಿಂತ ಜಾಸ್ತಿ ಆಗಿರುತ್ತಾರೆ. ಮರುವಾರ ಕಪ್ ತೊಳೆಯಲು ಒಬ್ಬರೂ ಇರುವುದಿಲ್ಲ. ನಮಗೆ ಬೇಕಾಗಿರುವುದು ವಾರದಲ್ಲಿ ಒಂದೇ ದಿನ, ಆದರೆ ಅದೇ ದಿನ, ಅದೇ ಹೊತ್ತು ತಪ್ಪದೆ ಬರುವವರು. ಬಂದವರೆಲ್ಲ ಬಿಟ್ಟು ಹೋಗಿದ್ದನ್ನೇ ಕಂಡ ಜನಕ್ಕೆ ಒಂದೇ ಮುಖ ಮತ್ತೆ ಮತ್ತೆ ಕಾಣುವುದು ದೊಡ್ಡ ವಿಷಯ. ಕೆಲಸ ಅಂಥ ರೋಚಕವಾದದ್ದೇನೂ ಅಲ್ಲ. ಟವೆಲ್ ಮಡಚುವುದು, ಸ್ನಾನದ ಸರದಿ ಬರೆಯುವುದು, ನೆಲ ಒರೆಸುವುದು, ಕಳೆದುಹೋದ ಚಾರ್ಜರ್ ಹುಡುಕುವುದು. ಉಳಿದ ಹೊತ್ತು ಸುಮ್ನೆ ಕೂರುವುದು. ಈ ಸುಮ್ನೆ ಕೂರುವುದು ಹೊಸಬರಿಗೆ ಬಹಳ ಕಷ್ಟ. ಏನೋ ಮಾಡಬೇಕು ಅಂತ ಚಡಪಡಿಸುತ್ತಾರೆ, ಚಡಪಡಿಸಿ ಪ್ರಶ್ನೆ ಕೇಳಲು ಶುರು ಮಾಡುತ್ತಾರೆ. 'ಮನೆ ಯಾಕೆ ಬಿಟ್ಟಿರಿ? ಮಕ್ಕಳಿಲ್ಲವಾ?' ದಯವಿಟ್ಟು ಬೇಡ. ಆ ಕಥೆಯನ್ನು ಅವರು ಪ್ರತಿ ಕಚೇರಿಯ ಪ್ರತಿ ಕಿಟಕಿಯಲ್ಲೂ ಹೇಳಿ ಹೇಳಿ ಸಾಕಾಗಿರುತ್ತಾರೆ. ಮಳೆಯ ಬಗ್ಗೆ ಮಾತಾಡಿ. ಪೇಪರಿನ ಸುದ್ದಿ ಓದಿ. ಇಸ್ಪೀಟು ಬಂದರೆ ಇನ್ನೂ ಒಳ್ಳೆಯದು.

ಮಲಗಿದವರನ್ನು ಮುಟ್ಟಿ ಎಬ್ಬಿಸಬೇಡಿ. ಬೀದಿಯಲ್ಲಿ ಮುಟ್ಟಿ ಎಬ್ಬಿಸುವವರು ಹೊಡೆಯಲು ಬಂದವರೇ. ಸ್ವಲ್ಪ ದೂರದಲ್ಲಿ, ಕಾಲಿನ ಕಡೆ ನಿಂತು ಮೆಲ್ಲಗೆ ಕರೆಯಿರಿ. ಎಷ್ಟು ಕರೆದರೂ ಏಳದಿದ್ದರೆ, ಉಸಿರಾಟ ಸರಿಯಿಲ್ಲ ಅನ್ನಿಸಿದರೆ ಆಗ ಮಾತ್ರ ತಡಮಾಡದೆ ಸಿಬ್ಬಂದಿಯನ್ನು ಕೂಗಿ, ಆಂಬುಲೆನ್ಸ್‌ಗೆ ಫೋನ್ ಮಾಡಿಸಿ. ಫೋಟೋ ತೆಗೆಯಬೇಡಿ, ಬೆನ್ನು ಮಾತ್ರ ಕಾಣುವ ಫೋಟೋ ಕೂಡ ಬೇಡ. ಜಾಕೆಟ್ ನೋಡಿಯೇ ಗುರುತು ಹಿಡಿಯುವವರು ಇರುತ್ತಾರೆ. ಕೈಗೆ ದುಡ್ಡು ಕೊಡಬೇಡಿ, ನಿಮ್ಮ ಸ್ವಂತ ನಂಬರ್ ಕೊಡಬೇಡಿ. ಇದು ಕಲ್ಲುಮನಸ್ಸಿನ ಮಾತಲ್ಲ. ಒಬ್ಬರಿಗೆ ಕೊಟ್ಟದ್ದು ಹಾಲ್‌ಗೆಲ್ಲ ಗೊತ್ತಾಗುತ್ತದೆ, ನಾಳೆ ಕೊಡಲಾಗದಿದ್ದಾಗ ಮುರಿಯುವುದು ನಂಬಿಕೆ. 'ನೋಡೋಣ, ಏನಾದರೂ ಮಾಡ್ತೀನಿ' ಎಂಬ ಮಾತೂ ಬೇಡ. ನಮಗೆ ಅದು ಸಮಾಧಾನದ ಮಾತು. ಕೇಳಿದವರು ಅದಕ್ಕಾಗಿ ಕಾಯುತ್ತಾರೆ.

ಕೊಡುವುದಾದರೆ ಹೊಸ ಸಾಕ್ಸ್, ಹೊಸ ಒಳಉಡುಪು, ಸ್ಯಾನಿಟರಿ ಪ್ಯಾಡ್, ಹತ್ತಿರದ್ದು ಓದುವ ಕನ್ನಡಕ, ಪ್ಲಾಸ್ಟಿಕ್ ಫೈಲು. ಫೈಲು ಅಂದರೆ ನಗಬೇಡಿ, ಕಾಗದಪತ್ರ ಒದ್ದೆಯಾಗದ ಹಾಗೆ ಉಳಿಸುವುದು ಅದೇ. ಹರಿದ ಬಟ್ಟೆಯ ಮೂಟೆ ಬೇಡ. ಅದನ್ನು ವಿಂಗಡಿಸುವುದರಲ್ಲೇ ನಮ್ಮ ಮಧ್ಯಾಹ್ನ ಮುಗಿಯುತ್ತದೆ.

ಮತ್ತೆ ನಗರಸಭೆಗೆ. ವಾಲಂಟಿಯರ್‌ಗಳು ಇದ್ದಾರಲ್ಲ ಅಂತ ಸಂಬಳದ ಸಿಬ್ಬಂದಿಯನ್ನು ಕಡಿಮೆ ಮಾಡಬೇಡಿ. ನಾವು ಟವೆಲ್ ಮಡಚಬಲ್ಲೆವು. ಮಾನಸಿಕ ಕಾಯಿಲೆ ಕೆರಳಿದವರನ್ನು ಸಂಭಾಳಿಸುವುದು, ಮನೆ ಹುಡುಕಿ ಮಾಲೀಕರ ಜೊತೆ ಮಾತಾಡುವುದು, ಕೋರ್ಟಿನ ದಿನಾಂಕ ನೆನಪಿಟ್ಟು ಜೊತೆಗೆ ಹೋಗುವುದು, ಇವು ಬಿಡುವಿನ ವೇಳೆಯ ಕೆಲಸ ಅಲ್ಲ. ವಿಶ್ವಸಂಸ್ಥೆ 1948ರ ಮಾನವ ಹಕ್ಕುಗಳ ಘೋಷಣೆಯ 25ನೇ ವಿಧಿಯಲ್ಲಿ ವಸತಿಯನ್ನೂ ಸೇರಿಸಿದೆ. ಹಕ್ಕು ಅಂತ ಒಪ್ಪಿದ ಮೇಲೆ ಅದು ಬಿಡುವಿದ್ದವರ ಒಳ್ಳೆಯತನದ ಮೇಲೆ ನಡೆಯಬಾರದು.

ಹಾಗಾಗಿ ಈ ನಾಲ್ಕು ನಿಯಮ ತರುವ ಬದಲು ಇಷ್ಟು ಮಾಡಿ. ಆಶ್ರಯತಾಣ ಮುಚ್ಚುವ ಹೊತ್ತಿಗೇ ಕೇಂದ್ರ ತೆರೆಯಲಿ, ಆಶ್ರಯತಾಣ ತೆರೆಯುವವರೆಗೆ ಮುಚ್ಚದಿರಲಿ, ರಜೆಯ ದಿನವೂ ಸೇರಿ. ಮಲಗಲು ಒಂದು ಪ್ರತ್ಯೇಕ ಕೋಣೆ ಇರಲಿ, ಹೆಂಗಸರಿಗೆ ಬೇರೆ. ಬೀಗ ಹಾಕುವ ಕಪಾಟು ಕೊಡಿ. ಚೀಲ ಬಿಟ್ಟು ಹೋಗಲು ಜಾಗವಿಲ್ಲದೆ ಕೆಲಸದ ಸಂದರ್ಶನಕ್ಕೆ ಹೋಗದವರು ಇದ್ದಾರೆ. ಕೇಂದ್ರದ ವಿಳಾಸವನ್ನು ಅಂಚೆಗೂ ಅರ್ಜಿಗಳಿಗೂ ಬಳಸಬಹುದು ಅಂತ ನಗರಸಭೆ ಒಂದು ಪತ್ರ ಬರೆದು ಕೊಟ್ಟರೆ ಸಾಕು, ಆ ವಿಳಾಸ ಮತ್ತು ಚೀಟಿಯ ಗಂಟು ಅರ್ಧ ಬಿಚ್ಚಿಕೊಳ್ಳುತ್ತದೆ. ಖರ್ಚೂ ಇಲ್ಲ. ನಾಯಿ ಸಾಕಿಕೊಂಡವರು ಅದನ್ನು ಕಟ್ಟಲು ಹಿತ್ತಲಲ್ಲಿ ನೆರಳಿನ ಜಾಗ ಬೇಕು, ಇಲ್ಲದಿದ್ದರೆ ಅವರು ಒಳಗೇ ಬರುವುದಿಲ್ಲ. ನರ್ಸ್ ಈಗಿನದಕ್ಕಿಂತ ಹೆಚ್ಚು ದಿನ ಬರಲಿ.

ಮತ ಹಾಕುವ ಮೊದಲು ನಿಮ್ಮಲ್ಲಿ ಯಾರಾದರೂ ಒಮ್ಮೆ ಬನ್ನಿ. ಮೊದಲೇ ಹೇಳಿ ಬಂದರೆ ನೆಲ ಹೊಳೆಯುತ್ತಿರುತ್ತದೆ, ಹೇಳದೆ ಬನ್ನಿ. ಮಾಮೂಲಿ ವಾರದ ದಿನ, ಮಳೆ ಇದ್ದರೆ ಇನ್ನೂ ಒಳ್ಳೆಯದು. ಜೊತೆಗೆ ಕ್ಯಾಮೆರಾದವರು ಬೇಡ. ಬಾಗಿಲಲ್ಲಿ ನಿಮ್ಮನ್ನು ಯಾರೂ ಏನೂ ಕೇಳುವುದಿಲ್ಲ. ಬೆಳಿಗ್ಗೆ ಹೊತ್ತು ಸಿಂಕ್ ಹತ್ತಿರ ಯಾವಾಗಲೂ ಒಬ್ಬರು ಕಡಿಮೆ ಇರುತ್ತಾರೆ, ಅಲ್ಲಿಗೆ ಬನ್ನಿ.

ಇಂತಿ,
ಹಗಲು ಕೇಂದ್ರದ ಒಬ್ಬ ವಾಲಂಟಿಯರ್